ಅಟ್ಟದ ಕೊಬ್ಬರಿಗೆ ಲೆಕ್ಕವಿದೆ, ಬಾಡಿಗೆಗೆ ಇಲ್ಲ

ಬಾಡಿಗೆಯ ತಕರಾರು ಎಂದರೆ ನಗರದ ತಕರಾರು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ನಮ್ಮ ಕಲ್ಪನೆಯ ಬಾಡಿಗೆದಾರ ಬೆಂಗಳೂರಿನ ಬಡಾವಣೆಯೊಂದರ ಮೊದಲ ಮಹಡಿಯಲ್ಲಿರುವ ನೌಕರ. ಮಾಲೀಕ ಅದೇ ಕಟ್ಟಡದ ನೆಲ ಅಂತಸ್ತಿನಲ್ಲಿರುವ ನಿವೃತ್ತ ಅಧಿಕಾರಿ. ಈ ಚಿತ್ರದಲ್ಲಿ ಹೋಬಳಿ ಊರುಗಳಿಗೆ ಜಾಗವಿಲ್ಲ. ಆದರೆ ಶಾಲೆ, ಬ್ಯಾಂಕು, ನಾಡಕಚೇರಿಗಳಿಗಾಗಿ ಸುತ್ತಲ ಹಳ್ಳಿಗಳ ಜನ ಬಂದುಹೋಗುವ ಇಂಥ ಊರುಗಳಲ್ಲಿ ಮನೆ, ಮಳಿಗೆ, ಗೋದಾಮುಗಳನ್ನು ಬಾಡಿಗೆಗೆ ಕೊಡುವುದೂ ಪಡೆಯುವುದೂ ಇಂದು ಸಾಮಾನ್ಯ ಸಂಗತಿ. ವರ್ಗವಾಗಿ ಬಂದ ಶಿಕ್ಷಕರಿಗೆ ಮನೆ ಬೇಕು, ಗೊಬ್ಬರದ ಅಂಗಡಿಯವರಿಗೆ ಮಳಿಗೆ ಬೇಕು, ತೆಂಗಿನ ಸೀಮೆಯಲ್ಲಂತೂ ಕಾಯಿ ಕೂಡಿಡಲು ಜಾಗ ಬೇಕೇ ಬೇಕು.

ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಂದನಕೆರೆಯನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ಸೇರಿದ ಈ ಪ್ರದೇಶದ ಆರ್ಥಿಕತೆ ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಗುಂಡಾಗಿ ಬಿಡುತ್ತದೆ. ಅಲ್ಲಿಯವರೆಗೆ ಅದು ಬೆಳೆಗಾರನ ಉಳಿತಾಯದ ಗಂಟೇ ಸರಿ. ಯಾವ ಅಟ್ಟಕ್ಕೆ ಎಷ್ಟು ಕಾಯಿ ಯಾವ ತಿಂಗಳು ಏರಿತು, ಎಷ್ಟು ಕೆಟ್ಟುಹೋಯಿತು ಎಂಬ ಲೆಕ್ಕ ಮನೆಯ ಹಿರಿಯರ ನಾಲಿಗೆಯ ತುದಿಯಲ್ಲಿರುತ್ತದೆ. ಆ ಅಟ್ಟವಿರುವ ಕಟ್ಟಡ ಬಾಡಿಗೆಯದಾದರೆ ಅದರ ಕರಾರಿನ ಲೆಕ್ಕ ಮಾತ್ರ ಬಹುಮಟ್ಟಿಗೆ ಬಾಯಿಮಾತಿನದು.

ಧಾರಣೆ ಸ್ಥಿರವಾಗಿದ್ದಾಗ ಬಾಯಿಮಾತು ಸಾಕಾಗುತ್ತದೆ. ಧಾರಣೆ ತೂಗಾಡಿದಾಗ ಸಾಕಾಗುವುದಿಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಯ ಬೆಲೆ ಕೇಂದ್ರದ ಬೆಂಬಲ ಬೆಲೆಯಾದ 11,750 ರೂಪಾಯಿಗಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ರೂಪಾಯಿ ದಾಟಿತು. ಬೆಲೆ ಕುಸಿದಾಗ ಬಾಡಿಗೆಯ ಗೋದಾಮಿನಲ್ಲಿ ದಾಸ್ತಾನು ಇಟ್ಟವನು ಇನ್ನಷ್ಟು ತಿಂಗಳು ಕಾಯಬಯಸುತ್ತಾನೆ. ಬೆಲೆ ಏರಿದಾಗ ಮಾಲೀಕನಿಗೆ ತನ್ನ ಕಟ್ಟಡ ತನಗೇ ಬೇಕೆನಿಸುತ್ತದೆ, ಇಲ್ಲವೇ ಬಾಡಿಗೆ ಏರಿಸುವ ಮನಸ್ಸಾಗುತ್ತದೆ. ಇಬ್ಬರ ಆಸೆಯೂ ಅಸಹಜವಲ್ಲ. ಕರಾರಿನಲ್ಲಿ ಏನಿತ್ತು ಎಂದು ತೋರಿಸಲು ಇಬ್ಬರ ಕೈಯಲ್ಲಿಯೂ ಏನೂ ಇಲ್ಲದಿರುವುದೇ ತೊಡಕು.

ಇಂಥ ಸಂದರ್ಭದಲ್ಲಿ ಜನ ಮೊದಲು ನೆನೆಯುವುದು 'ಬಾಡಿಗೆ ಕಾಯ್ದೆ'ಯನ್ನು. ಬಾಡಿಗೆದಾರನು ಅದು ತನ್ನನ್ನು ಕಾಯುತ್ತದೆಂದು ನಂಬುತ್ತಾನೆ, ಮಾಲೀಕನು ಅದರಿಂದ ತನ್ನ ಸ್ವತ್ತು ಕೈತಪ್ಪುತ್ತದೆಂದು ಹೆದರುತ್ತಾನೆ. ವಾಸ್ತವದಲ್ಲಿ ಇಬ್ಬರ ಎಣಿಕೆಯೂ ಇಲ್ಲಿ ನಿಲ್ಲದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಅನ್ವಯಿಸುವುದು ತನ್ನ ಅನುಸೂಚಿಯಲ್ಲಿ ಹೇಳಿದ ನಗರ ಪಟ್ಟಣಗಳಿಗೆ ಮಾತ್ರ. ಗ್ರಾಮ ಪಂಚಾಯಿತಿಯ ಆಡಳಿತದಲ್ಲಿರುವ ಹಂದನಕೆರೆಯಂಥ ಊರಿನ ಮನೆ ಮಳಿಗೆಗಳು ಅದರ ವ್ಯಾಪ್ತಿಯೊಳಗೆ ಬರುವುದಿಲ್ಲ.

ನಗರದ ಓದುಗರು ಇದು ಹಳ್ಳಿಯವರ ಪಾಡೆಂದು ನಿಟ್ಟುಸಿರು ಬಿಡುವ ಮುನ್ನ ಅದೇ ಕಾಯ್ದೆಯ ಎರಡನೆಯ ಪ್ರಕರಣವನ್ನು ಗಮನಿಸಬೇಕು. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನೂ 14 ಚದರ ಮೀಟರ್‌ಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳನ್ನೂ ಅದು ಹೊರಗಿಟ್ಟಿದೆ. ಶತಮಾನದ ಆರಂಭದಲ್ಲಿ ಈ ಮಿತಿಗೆ ಒಂದಿಷ್ಟು ಅರ್ಥವಿತ್ತು. ಇಂದು ಬೆಂಗಳೂರಿನಲ್ಲಿ 3,500 ರೂಪಾಯಿಯೊಳಗೆ ಸಂಸಾರ ನಡೆಸುವ ಮನೆ ಸಿಗುವುದು ದುರ್ಲಭ. ಹೀಗಾಗಿ ಹಂದನಕೆರೆಯ ಕಾಯಿ ಗೋದಾಮಿಗೂ ನಾಗರಬಾವಿಯ ಎರಡು ಕೋಣೆಯ ಮನೆಗೂ ಅನ್ವಯಿಸುವ ಕಾನೂನು ಒಂದೇ ಆಗಿದೆ. ಅದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಊರಿನಲ್ಲಿ ಮಾಲೀಕರಾಗಿದ್ದು ಬೆಂಗಳೂರಿನಲ್ಲಿ ಬಾಡಿಗೆದಾರರಾಗಿರುವ ತೆಂಗಿನ ಸೀಮೆಯ ಕುಟುಂಬಗಳು ಈ ಒಂದೇ ಕಾಯ್ದೆಯ ಎರಡೂ ಬದಿಯಲ್ಲಿ ನಿಂತಿವೆ.

ಈ ಹಳೆಯ ಕಾಯ್ದೆ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಬಾಡಿಗೆ ಎಷ್ಟಿರಬೇಕು, ಮುಂಗಡ ಎಷ್ಟಿರಬೇಕು ಎಂದು ಅದು ಹೇಳುವುದಿಲ್ಲ. ಮಾಲೀಕನು ತೆರವಿಗೆ ಕಾರಣ ಕೊಡಬೇಕೆಂದೂ ಕೇಳುವುದಿಲ್ಲ. ಬಲ್ಲ ಇಬ್ಬರು ಕೂತು ಎಲ್ಲವನ್ನೂ ಬರೆದುಕೊಂಡಿದ್ದಾರೆ ಎಂದು ಭಾವಿಸಿ, ಅವರು ಬರೆಯದೆ ಬಿಟ್ಟ ಜಾಗಗಳನ್ನಷ್ಟೇ ತನ್ನ ನಿಯಮಗಳಿಂದ ತುಂಬುತ್ತದೆ. ಏನನ್ನೂ ಬರೆಯದವರ ಪಾಲಿಗೆ ಆ ನಿಯಮಗಳೇ ಪೂರ್ಣ ಕರಾರು. ಅವು ಏನೆಂದು ಇಬ್ಬರಿಗೂ ತಿಳಿದಿರುವುದಿಲ್ಲವೆಂಬುದು ವಿವಾದಗಳ ಮೂಲ.

ಮೊದಲನೆಯದು ಅವಧಿಯ ಪ್ರಶ್ನೆ. 106ನೆಯ ಪ್ರಕರಣದ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಮನೆ, ಅಂಗಡಿ, ದಾಸ್ತಾನು ಕಟ್ಟಡಗಳ ಬಾಡಿಗೆ ತಿಂಗಳಿನಿಂದ ತಿಂಗಳಿಗೆ ನಡೆಯುವಂಥದು. ಇಬ್ಬರಲ್ಲಿ ಯಾರೇ ಆಗಲಿ 15 ದಿನಗಳ ಲಿಖಿತ ನೋಟಿಸು ಕೊಟ್ಟು ಅದನ್ನು ಮುಗಿಸಬಹುದು. ಹನ್ನೊಂದು ತಿಂಗಳು ಅಟ್ಟದಲ್ಲಿರಬೇಕಾದ ಕಾಯಿಗೆ ಹದಿನೈದು ದಿನದ ಆಸರೆ ಎಂದರೆ ಅದರ ಅಪಾಯ ಅರ್ಥವಾದೀತು. ಅರ್ಧ ಇಂಗಿದ ಕಾಯಿಯನ್ನು ಅವಧಿಗೆ ಮುನ್ನ ಇಳಿಸಿದರೆ ಅದು ಉಂಡೆ ಕೊಬ್ಬರಿಯಾಗುವುದಿಲ್ಲ. ತಯಾರಿಕೆಯ ಉದ್ದೇಶದ ಬಾಡಿಗೆಗೆ, ಉದಾಹರಣೆಗೆ ನಾರಿನ ಘಟಕಕ್ಕೆ, ಕಾಯ್ದೆ ಆರು ತಿಂಗಳ ನೋಟಿಸನ್ನು ಹೇಳುತ್ತದೆ ನಿಜ. ಆದರೆ ವರ್ಷದಿಂದ ವರ್ಷಕ್ಕೆ ನಡೆಯುವ ಬಾಡಿಗೆಗೆ ನೋಂದಾಯಿತ ಪತ್ರ ಬೇಕೆಂದು 107ನೆಯ ಪ್ರಕರಣ ವಿಧಿಸಿರುವುದರಿಂದ, ಅಂಥ ಪತ್ರವಿಲ್ಲದವರಿಗೆ ಆರು ತಿಂಗಳ ರಕ್ಷಣೆ ದೊರೆಯದೆಂದು ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪಿತ್ತಿದೆ.

ಹಿಂದೆ ನೋಟಿಸಿನಲ್ಲಿ ದಿನದ ಲೆಕ್ಕ ತಪ್ಪಿತೆಂಬ ಒಂದೇ ಕಾರಣಕ್ಕೆ ಮಾಲೀಕರ ದಾವೆಗಳು ಬಿದ್ದುಹೋಗುತ್ತಿದ್ದವು. 2002ರ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ದಾವೆ ಹೂಡುವ ಹೊತ್ತಿಗೆ ನಿಗದಿತ ಅವಧಿ ಮುಗಿದಿದ್ದರೆ, ನೋಟಿಸಿನಲ್ಲಿ ದಿನ ಕಡಿಮೆ ಬಿದ್ದದ್ದು ದೋಷವಾಗುವುದಿಲ್ಲ. ಬಾಡಿಗೆದಾರರು ಈಗ ತಾಂತ್ರಿಕ ತಪ್ಪುಗಳನ್ನು ನೆಚ್ಚಿ ಕೂರುವಂತಿಲ್ಲ.

ಎರಡನೆಯದು ಹನ್ನೊಂದು ತಿಂಗಳ ಪತ್ರ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕು ಎಂಬ ನಿಯಮದಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಪದ್ಧತಿ ಇದು. ಅವಧಿ ಮುಗಿದ ಮರುದಿನವೇ ಬೀಗ ಜಡಿಯಬಹುದೆಂದು ಅನೇಕ ಮಾಲೀಕರು ಎಣಿಸುತ್ತಾರೆ. ಅವಧಿ ಮುಗಿದ ಮೇಲೆಯೂ ಬಾಡಿಗೆ ಪಡೆಯುತ್ತಾ ಹೋದರೆ 116ನೆಯ ಪ್ರಕರಣದಂತೆ ಬಾಡಿಗೆ ಮುಂದುವರಿದಂತೆಯೇ. ಅದನ್ನು ಮುಗಿಸಲು ಮತ್ತೆ ನೋಟಿಸು ಬೇಕು. ನೋಟಿಸಿಗೂ ಬಗ್ಗದಿದ್ದರೆ ನ್ಯಾಯಾಲಯದ ಆದೇಶ ಬೇಕು. ಬೀಗ ಹಾಕುವುದು, ವಿದ್ಯುತ್ ಕಡಿಯುವುದು, ಚೀಲಗಳನ್ನು ಬೀದಿಗೆಸೆಯುವುದು ಮಾಲೀಕನ ಹಕ್ಕಿನಲ್ಲಿ ಸೇರಿಲ್ಲ. ಹಾಗೆ ಬಲವಂತದಿಂದ ಹೊರಹಾಕಿಸಿಕೊಂಡವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಪ್ರಕರಣದಡಿ ಆರು ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನವನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ ಕಟ್ಟಡದ ಒಡೆಯ ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಪೊಲೀಸ್ ಠಾಣೆಯಲ್ಲಿ ಕೂತು ತೆರವಿನ ದಿನ ಗೊತ್ತುಮಾಡುವ ಪಂಚಾಯಿತಿಗೂ ಕಾನೂನಿನ ಬೆಂಬಲವಿಲ್ಲ.

ಮೂರನೆಯದು ಹನ್ನೆರಡು ವರ್ಷಗಳ ಮಾತು. ಅಷ್ಟು ಕಾಲ ಒಂದೇ ಮನೆಯಲ್ಲಿದ್ದರೆ ಅದು ಬಾಡಿಗೆದಾರನದೇ ಆಗಿಬಿಡುತ್ತದೆ ಎಂಬ ಮಾತು ಊರೂರುಗಳಲ್ಲಿ ಚಲಾವಣೆಯಲ್ಲಿದೆ. ಇದು ತಪ್ಪು. ಅನುಮತಿಯಿಂದ ಒಳಬಂದವನ ಸ್ವಾಧೀನ ಎಷ್ಟೇ ವರ್ಷವಾದರೂ ಅನುಮತಿಯ ಸ್ವಾಧೀನವೇ. ತನ್ನನ್ನು ಒಳಗೆ ಬಿಟ್ಟ ಮಾಲೀಕನ ಹಕ್ಕನ್ನು ಬಾಡಿಗೆದಾರ ಅಲ್ಲಗಳೆಯುವಂತಿಲ್ಲವೆಂಬ ಹಳೆಯ ಸಾಕ್ಷ್ಯ ಕಾಯ್ದೆಯ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 122ನೆಯ ಪ್ರಕರಣವಾಗಿ ಮುಂದುವರಿದಿದೆ. ಆದರೆ ಹನ್ನೆರಡು ವರ್ಷದ ಲೆಕ್ಕ ಪೂರ್ತಿ ಕಟ್ಟುಕತೆಯೂ ಅಲ್ಲ. ಬಾಡಿಗೆ ಕೊನೆಗೊಂಡ ದಿನದಿಂದ ಹನ್ನೆರಡು ವರ್ಷದೊಳಗೆ ಸ್ವಾಧೀನಕ್ಕಾಗಿ ದಾವೆ ಹೂಡಬೇಕೆಂದು ಕಾಲಮಿತಿ ಕಾಯ್ದೆ ಹೇಳುತ್ತದೆ. ನೋಟಿಸು ಕೊಟ್ಟು ಮರೆತು ಕೂತ ಮಾಲೀಕನಿಗೆ ಇದು ಎಚ್ಚರಿಕೆ.

ಹೊಣೆಗಾರಿಕೆಯ ವಿಷಯದಲ್ಲಿಯೂ ಗೊಂದಲಗಳಿವೆ. ಕಟ್ಟಡದ ರಿಪೇರಿ ಸದಾ ಮಾಲೀಕನದೇ ಎಂದು ಬಾಡಿಗೆದಾರರು ಭಾವಿಸುತ್ತಾರೆ. 108ನೆಯ ಪ್ರಕರಣ ಹಾಗೆ ಹೇಳುವುದಿಲ್ಲ. ಹೊರನೋಟಕ್ಕೆ ಕಾಣದ, ತನಗೆ ತಿಳಿದಿರುವ ಮುಖ್ಯ ದೋಷವನ್ನು ಮಾಲೀಕ ಮೊದಲೇ ತಿಳಿಸಬೇಕು, ಬಾಡಿಗೆದಾರನ ನೆಮ್ಮದಿಯ ಸ್ವಾಧೀನಕ್ಕೆ ಅಡ್ಡಿ ಬರಬಾರದು. ರಿಪೇರಿಯ ಹೊಣೆಯನ್ನು ಅವನು ಕರಾರಿನಲ್ಲಿ ಒಪ್ಪಿಕೊಂಡಿದ್ದು, ತಿಳಿಸಿದ ಮೇಲೂ ಮಾಡಿಸದಿದ್ದರೆ ಮಾತ್ರ ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅಟ್ಟದ ತೊಲೆ ಕುಸಿದರೆ ಯಾರ ಹೊಣೆ ಎಂಬುದನ್ನು ಮೊದಲೇ ಬರೆಯದಿದ್ದರೆ ಅನಂತರ ಕಾಯ್ದೆಯೂ ಹೆಚ್ಚು ನೆರವಾಗದು. ಬಾಡಿಗೆದಾರನ ಕರ್ತವ್ಯಗಳೂ ಅಷ್ಟೇ ಸ್ಪಷ್ಟ: ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡಬೇಕು, ಸಹಜ ಸವೆತವನ್ನು ಬಿಟ್ಟರೆ ಕಟ್ಟಡವನ್ನು ಪಡೆದ ಸ್ಥಿತಿಯಲ್ಲಿಯೇ ಮರಳಿಸಬೇಕು, ಒಪ್ಪಿಗೆಯಿಲ್ಲದೆ ಶಾಶ್ವತ ನಿರ್ಮಾಣ ಮಾಡಬಾರದು. ತಾನು ಜೋಡಿಸಿದ ತಗಡಿನ ಮಾಡನ್ನೋ ಹಲಗೆಯ ಅಟ್ಟವನ್ನೋ ಸ್ವಾಧೀನ ಬಿಡುವ ಮುನ್ನ ಅವನು ಬಿಚ್ಚಿಕೊಂಡು ಹೋಗಬಹುದು.

ಸಿಪ್ಪೆ, ನಾರು, ಕೊಬ್ಬರಿಗಳಿರುವ ಕಟ್ಟಡದಲ್ಲಿ ಬೆಂಕಿಯ ಭಯ ಸದಾ ಇದ್ದದ್ದೇ. ಬೆಂಕಿಯಿಂದ ಕಟ್ಟಡದ ಮುಖ್ಯ ಭಾಗ ನಾಶವಾದರೆ, ಅದು ತನ್ನ ತಪ್ಪಿನಿಂದ ಆಗಿರದಿದ್ದಲ್ಲಿ, ಬಾಡಿಗೆಯನ್ನು ರದ್ದೆಂದು ಸಾರುವ ಆಯ್ಕೆ ಬಾಡಿಗೆದಾರನಿಗಿದೆ. ಆ ಆಯ್ಕೆಯನ್ನು ಬಳಸದಿದ್ದರೆ ಸುಟ್ಟ ಗೋಡೆಗಳಿಗೂ ಬಾಡಿಗೆ ಬಾಕಿ ಏರುತ್ತಲೇ ಇರುತ್ತದೆ. ಸುಟ್ಟ ದಾಸ್ತಾನಿನ ನಷ್ಟ ಯಾರದೆಂಬುದನ್ನು ವಿಮೆ ಮತ್ತು ಕರಾರುಗಳೇ ಹೇಳಬೇಕು.

ಕಟ್ಟಡದ ಒಡೆತನ ಬದಲಾದಾಗ ಇಕ್ಕಟ್ಟು ಇನ್ನಷ್ಟು ಹೆಚ್ಚು. ಮಾಲೀಕರು ತೀರಿಕೊಂಡು ಮಕ್ಕಳು ಬೆಂಗಳೂರಿನಲ್ಲಿದ್ದರೆ, ಬಾಡಿಗೆಯನ್ನು ಯಾರಿಗೆ ಕೊಡಬೇಕು? ಒಡೆತನ ವರ್ಗವಾದ ಸಂಗತಿ ತಿಳಿಯದೆ ಹಳೆಯ ಮಾಲೀಕನಿಗೆ ಕೊಟ್ಟ ಬಾಡಿಗೆಯನ್ನು ಹೊಸ ಮಾಲೀಕ ಮತ್ತೊಮ್ಮೆ ಕೇಳುವಂತಿಲ್ಲವೆಂದು 109ನೆಯ ಪ್ರಕರಣ ಬಾಡಿಗೆದಾರನನ್ನು ಕಾಯುತ್ತದೆ. ಆದರೆ ಕೊಟ್ಟಿದ್ದಕ್ಕೆ ರಸೀದಿಯಿರಬೇಕು. ಕಟ್ಟಡವನ್ನು ಅಡವಿಟ್ಟ ಸಾಲ ತೀರದೆ ಬ್ಯಾಂಕು ಹರಾಜಿಗಿಳಿದರೆ, ನೋಂದಾಯಿತ ಪತ್ರವಿಲ್ಲದ ಬಾಡಿಗೆದಾರನ ಸ್ಥಿತಿ ದುರ್ಬಲ. ಬಾಯಿಮಾತಿನ ಅಥವಾ ನೋಂದಾಯಿಸದ ಬಾಡಿಗೆಯ ಮೇಲೆ ನಿಂತವನು ಬ್ಯಾಂಕಿನ ಬೇಡಿಕೆ ನೋಟಿಸಿನಿಂದ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿರಲಾರನೆಂದು ಸುಪ್ರೀಂ ಕೋರ್ಟ್ 2019ರ ತೀರ್ಪಿನಲ್ಲಿ ಹೇಳಿದೆ. ತಿಂಗಳ ಬಾಡಿಗೆಯಿಲ್ಲದೆ ಲಕ್ಷಗಟ್ಟಲೆ ಇಡಿಗಂಟು ಕೊಟ್ಟು ಮನೆಯನ್ನು 'ಭೋಗ್ಯಕ್ಕೆ' ಹಾಕಿಸಿಕೊಂಡವರಂತೂ ಇದನ್ನು ಎರಡು ಬಾರಿ ಓದಬೇಕು. ಭೋಗ್ಯದಲ್ಲಿ ಕೈಬಿಡುವುದು ಮನೆಯೊಂದೇ ಅಲ್ಲ, ಕೊಟ್ಟ ಗಂಟೂ ಹೌದು.

ಇಷ್ಟೆಲ್ಲ ಇದ್ದರೂ ಜನ ಏಕೆ ಬರೆದುಕೊಳ್ಳುವುದಿಲ್ಲ? ಪರಿಚಿತರ ನಡುವೆ ಪತ್ರ ಕೇಳುವುದು ಅಪನಂಬಿಕೆಯ ಸೂಚನೆ ಎಂಬ ಸಂಕೋಚ ಒಂದು ಕಾರಣ. ನೋಂದಣಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು, ಮುದ್ರಾಂಕ ಶುಲ್ಕ ತೆರಬೇಕು ಎಂಬುದು ಇನ್ನೊಂದು. ಸಾಲದ ಬೆಲೆಯ ಛಾಪಾ ಕಾಗದದಲ್ಲಿ ಬರೆದ ಪತ್ರವನ್ನು ನ್ಯಾಯಾಲಯಕ್ಕೆ ತಂದರೆ 1957ರ ಕರ್ನಾಟಕ ಸ್ಟಾಂಪು ಕಾಯ್ದೆಯಂತೆ ಕೊರತೆಯ ಹತ್ತು ಪಟ್ಟು ದಂಡ ಬೀಳುತ್ತದೆಂಬುದನ್ನು ಅವರು ಆಗ ಯೋಚಿಸಿರುವುದಿಲ್ಲ. ಮೂರನೆಯ ಕಾರಣ ಇತಿಹಾಸದ್ದಿರಬಹುದು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ನಮೂನೆ 7ರ ಅರ್ಜಿಯ ಮೂಲಕ ಗೇಣಿದಾರರ ಪಾಲಾದವು. ಅದು ನ್ಯಾಯದ ಕೆಲಸ. ಆದರೆ ಅದರೊಂದಿಗೆ, ಕಾಗದ ಕೊಟ್ಟರೆ ಸ್ವತ್ತೇ ಹೋಯಿತು ಎಂಬ ಅಂಜಿಕೆಯೂ ಭೂಮಾಲೀಕ ಮನೆಗಳಲ್ಲಿ ಉಳಿದುಕೊಂಡಿತು. ಆ ಕಾನೂನು ಸಾಗುವಳಿಯ ಜಮೀನಿಗೆ ಸಂಬಂಧಿಸಿದ್ದು. ತೆಂಗಿನ ತೋಟವನ್ನು ಸಾಗುವಳಿಗೆ ಗೇಣಿ ಕೊಡುವುದನ್ನು ಅದು ಸಾಮಾನ್ಯವಾಗಿ ನಿಷೇಧಿಸುತ್ತದೆ. ಊರೊಳಗಿನ ಮನೆ, ಮಳಿಗೆಗಳ ಬಾಡಿಗೆ ಪತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಕಾಗದವೇ ಮಾಲೀಕನ ಗುರಾಣಿ. ತಾನು ಬಾಡಿಗೆದಾರನೆಂದು ಸಹಿ ಮಾಡಿದವನು ನಾಳೆ ಒಡೆಯನೆಂದು ಹೇಳಲಾರ.

ಹಾಗಾದರೆ ಹಳ್ಳಿಗಳಿಗೂ ಬಾಡಿಗೆ ನಿಯಂತ್ರಣವನ್ನು ವಿಸ್ತರಿಸಬೇಕೆ? 1961ರ ಕಾಯ್ದೆಯ ಅನುಭವ ಆ ಕಡೆ ಹೆಜ್ಜೆಯಿಡಲು ಹಿಂಜರಿಯುವಂತೆ ಮಾಡುತ್ತದೆ. ಬಾಡಿಗೆ ಹೆಪ್ಪುಗಟ್ಟಿದ ಕಟ್ಟಡಗಳನ್ನು ಮಾಲೀಕರು ರಿಪೇರಿ ಮಾಡಿಸಲಿಲ್ಲ. ಖಾಲಿ ಮನೆಗಳಿಗೆ ಬೀಗ ಹಾಕಿಟ್ಟುಕೊಳ್ಳುವುದೇ ಲೇಸೆಂದು ಭಾವಿಸಿದವರೂ ಇದ್ದರು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೊಂದು ದಾರಿ ತೋರಿಸಿತು. ಎಲ್ಲ ಕರಾರುಗಳೂ ಲಿಖಿತವಾಗಿರಬೇಕು, ಮನೆಗೆ ಎರಡು ತಿಂಗಳು ಹಾಗೂ ಇತರ ಕಟ್ಟಡಗಳಿಗೆ ಆರು ತಿಂಗಳ ಬಾಡಿಗೆ ಮೀರಿ ಮುಂಗಡ ಪಡೆಯಬಾರದು, ಅವಧಿ ಮುಗಿದ ಮೇಲೂ ಬಿಡದವನು ಮೊದಲ ಎರಡು ತಿಂಗಳು ದುಪ್ಪಟ್ಟು, ಬಳಿಕ ನಾಲ್ಕು ಪಟ್ಟು ತೆರಬೇಕು ಎಂಬುವು ಅದರ ಮುಖ್ಯ ಅಂಶಗಳು. ಗ್ರಾಮಾಂತರ ಪ್ರದೇಶಗಳನ್ನೂ ಅದು ಒಳಗೊಂಡಿದೆ. ಆದರೆ ರಾಜ್ಯ ಶಾಸನಸಭೆ ತನ್ನ ಕಾನೂನಾಗಿ ಮಾಡಿಕೊಳ್ಳದ ಹೊರತು ಅದು ಮಾದರಿ ಮಾತ್ರ. ಮೇಲಾಗಿ ಅದು ಕಲ್ಪಿಸಿರುವ ಬಾಡಿಗೆ ಪ್ರಾಧಿಕಾರ ಡೆಪ್ಯುಟಿ ಕಲೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯದು. ಎರಡು ಸಾವಿರ ರೂಪಾಯಿಯ ಮಳಿಗೆಯ ತಕರಾರಿಗೆ ಹಂದನಕೆರೆಯವರು ಉಪವಿಭಾಗ ಕೇಂದ್ರಕ್ಕೋ ಜಿಲ್ಲಾ ಕೇಂದ್ರಕ್ಕೋ ಅಲೆಯಬೇಕಾದರೆ ಅವರು ಮತ್ತೆ ಬಾಯಿಮಾತಿಗೇ ಮರಳುತ್ತಾರೆ.

ಪರಿಹಾರ ಹೋಬಳಿಯಲ್ಲಿಯೇ ದೊರೆಯುವಂತಾಗಬೇಕು. ಜಾತಿ, ಆದಾಯ ಪ್ರಮಾಣಪತ್ರಗಳಿಗಾಗಿ ಜನ ಈಗಾಗಲೇ ನಾಡಕಚೇರಿಗೆ ಬರುತ್ತಾರೆ. ಅಲ್ಲಿಯೇ, ಇಲ್ಲವೇ ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ, ಒಂದು ಪುಟದ ಸರಳ ಕನ್ನಡ ಬಾಡಿಗೆ ನಮೂನೆಯನ್ನು ತುಂಬಿ ದಾಖಲಿಸುವ ವ್ಯವಸ್ಥೆ ಮಾಡುವುದು ಸರ್ಕಾರಕ್ಕೆ ದೊಡ್ಡ ಹೊರೆಯಾಗದು. ಬಾಡಿಗೆ, ಮುಂಗಡ, ಅವಧಿ, ನೋಟಿಸಿನ ಕಾಲ, ರಿಪೇರಿಯ ಹೊಣೆ, ಅಟ್ಟದಲ್ಲಿರುವ ದಾಸ್ತಾನನ್ನು ಇಳಿಸಲು ಕೊಡಬೇಕಾದ ಸಮಯ ಇಷ್ಟು ಅದರಲ್ಲಿದ್ದರೆ ಸಾಕು. ಸಣ್ಣ ಬಾಡಿಗೆಗಳಿಗೆ ನಾಮಮಾತ್ರ ಮುದ್ರಾಂಕ ಶುಲ್ಕ ನಿಗದಿಪಡಿಸಿ, ಹೀಗೆ ದಾಖಲಾದ ಪತ್ರಕ್ಕೆ ನೋಂದಣಿಯ ಬಲವನ್ನು ಶಾಸನದ ಮೂಲಕ ಕೊಡಬೇಕು.

ಅಲ್ಲಿಯವರೆಗೆ ಜನರ ಕೈಯಲ್ಲಿರುವ ಸಾಧನಗಳೂ ಕಡಿಮೆಯೇನಲ್ಲ. ಬಾಡಿಗೆಯನ್ನು ಬ್ಯಾಂಕ್ ಖಾತೆಗೆ ಅಥವಾ ಮೊಬೈಲ್ ಮೂಲಕ ಕೊಟ್ಟರೆ ದಾಖಲೆ ತಾನಾಗಿ ಉಳಿಯುತ್ತದೆ. ನಗದು ಕೊಟ್ಟರೆ ರಸೀದಿ ಪುಸ್ತಕದಲ್ಲಿ ಸಹಿ ಪಡೆಯಬಹುದು. ತಕರಾರು ಎದ್ದರೆ ಚಿಕ್ಕನಾಯಕನಹಳ್ಳಿಯ ನ್ಯಾಯಾಲಯದಲ್ಲಿ ದಾವೆ ಹೂಡುವ ಮುನ್ನವೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿಗೆ ಯತ್ನಿಸಬಹುದು. ಅಲ್ಲಿಯ ರಾಜಿ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯನ್ನು ನೋಡದೆ ಉಚಿತ ವಕೀಲರ ನೆರವು ದೊರೆಯುತ್ತದೆ.

ಬಾಡಿಗೆ ವಿವಾದದ ತೀರ್ಪು ಬಹುಮಟ್ಟಿಗೆ ನಿರ್ಧಾರವಾಗುವುದು ಕೀಲಿ ಕೈ ಬದಲಾದ ದಿನವೇ. ಅಂದು ಬರೆದದ್ದನ್ನೇ ವರ್ಷಗಳ ನಂತರ ನ್ಯಾಯಾಧೀಶರು ಓದುತ್ತಾರೆ. ಬರೆಯದೆ ಬಿಟ್ಟದ್ದನ್ನು 1882ರಲ್ಲಿ ಬೇರೆ ಯಾರೋ ಬರೆದಿಟ್ಟಿದ್ದಾರೆ. ಅಟ್ಟಕ್ಕೆ ಏರಿಸಿದ ಕಾಯಿಯನ್ನು ಎಣಿಸಿಡುವ ಸೀಮೆಯ ಜನಕ್ಕೆ ಅಟ್ಟದ ಕರಾರನ್ನು ಬರೆದಿಡುವುದು ಕಷ್ಟವಾಗಬಾರದು. ಅದಕ್ಕೆ ಬೇಕಾದ ಮೇಜು ಕುರ್ಚಿಯನ್ನು ಹೋಬಳಿಯಲ್ಲಿ ಹಾಕಿಕೊಡುವುದು ಸರ್ಕಾರದ ಕೆಲಸ.